ನಮ್ಮ ಬ್ಯಾಪ್ಟಿಸ್ಟ್ ಸಭೆಗಳಿಗೆ ಹುರುಪು ಎಲ್ಲಿಂದ ಬರಬೇಕು? ಗಡಿ ಭಾಗದವರು ಸ್ವಲ್ಪ ಮಾತಾಡೋಣ

ಗಡಿಸಾಲು

ಎಲ್ಲರಿಗೂ ವಂದನೆಗಳು. ನಾನು ಆದೋನಿ–ಆಲೂರು ಕಡೆಯವಳು. ಮನೆಮಾತು ಕನ್ನಡ, ಹೋಗುವುದು ತೆಲುಗು ಬ್ಯಾಪ್ಟಿಸ್ಟ್ ಸಭೆಗೆ, ಅಂದರೆ ನಂಬಿದವರಿಗೆ ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಕ್ರೈಸ್ತ ಪಂಗಡದ ಚರ್ಚಿಗೆ. ನಮ್ಮ ಕಡೆ ಇದು ಮಾಮೂಲು. 1953ರವರೆಗೆ ಆದೋನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯ ಆದಾಗ ಗಡಿ ಸರಿಯಿತು, ನಾವು ಇದ್ದಲ್ಲೇ ಉಳಿದೆವು.

ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಹುರುಪು ಇಲ್ಲ, ಆರಾಧನೆ ಸಪ್ಪೆ ಆಗಿದೆ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಯೌವನಸ್ಥರು ದೊಡ್ಡ ಸ್ಪೀಕರ್ ಬೇಕು ಅನ್ನುತ್ತಾರೆ. ಹಿರಿಯರು ಬೇಡ ಅನ್ನುತ್ತಾರೆ. ಬೆಳಿಗ್ಗೆ ನಮ್ಮಲ್ಲಿ ಕೂತವರೇ ಸಂಜೆ ಬೇರೆ ಸಭೆಗೆ ಹೋಗಿ ಕೈ ಎತ್ತಿ ಹಾಡಿ ಬರುತ್ತಾರೆ. "ಬ್ಯಾಪ್ಟಿಸ್ಟರು ಅಂದ್ರೆ ಹೀಗೇ, ಸುಮ್ನೆ ಕೂತು ಕೇಳೋರು" ಅಂತ ಒಬ್ಬ ಹಿರಿಯರು ಹೇಳಿದರು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಬ್ಯಾಪ್ಟಿಸ್ಟರು ಯಾವ ಕಾಲಕ್ಕೂ ಸುಮ್ಮನೆ ಕೂತು ಕೇಳುವ ಜನ ಆಗಿರಲಿಲ್ಲ.

ನಾನು ನೋಡಿದ್ದನ್ನೇ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಶುಕ್ರವಾರ ಸಂಜೆ ಮನೆ ಕೂಟ ಇರುತ್ತದೆ. ಹತ್ತಿ ಬಿಡಿಸಿ ಬಂದವರು, ಜಿನ್ನಿಂಗ್ ಮಿಲ್ಲಿನ ಕೆಲಸ ಮುಗಿಸಿದವರು ಕೈಕಾಲು ತೊಳೆದು ಚಾಪೆ ಮೇಲೆ ಕೂರುತ್ತಾರೆ. ಸೀರೆಗೆ ಅಂಟಿದ ಹತ್ತಿ ಹಾಗೇ ಇರುತ್ತದೆ. ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ಓದು ಬರಹ ಬಾರದು. ಅವರು ಪ್ರಾರ್ಥನೆ ಶುರು ಮಾಡಿದರೆ ಓಣಿಯ ಮೊದಲ ಮನೆಯಿಂದ ಹಿಡಿದು ಒಂದೊಂದು ಮನೆಯನ್ನೂ ದೇವರ ಮುಂದೆ ಇಡುತ್ತಾರೆ. ಯಾರ ಮಗ ಬೆಂಗಳೂರಿಗೆ ಹೋದ, ಯಾರ ಬೋರ್‌ವೆಲ್ ಬತ್ತಿತು, ಯಾರ ಸೊಸೆ ತವರಿಗೆ ಹೋಗಿ ಕೂತಳು, ಎಲ್ಲ ಅಚ್ಚ ಕನ್ನಡದಲ್ಲಿ. ನಮ್ಮ ಸಭೆಯವರಲ್ಲದ ಮನೆಗಳೂ ಬಿಟ್ಟುಹೋಗುವುದಿಲ್ಲ. ನಡುನಡುವೆ ಕೂತವರೆಲ್ಲ "ಹೌದು ತಂದೆ", "ಆಮೆನ್" ಅನ್ನುತ್ತಲೇ ಇರುತ್ತಾರೆ. ಮೈಕಿಲ್ಲ, ಕೀಬೋರ್ಡಿಲ್ಲ. ಆ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ.

ಅದೇ ಅಜ್ಜಿ ಭಾನುವಾರ ಹಿಂದಿನ ಕಂಬದ ಹತ್ತಿರ ಕೂತಿರುತ್ತಾರೆ. ಪರದೆ ಮೇಲೆ ತೆಲುಗಿನ ಹೊಸ ಹಾಡು ಬರುತ್ತದೆ. ಅವರಿಗೆ ಓದಲು ಬಾರದು, ರಾಗ ಗೊತ್ತಿಲ್ಲ. ತುಟಿ ಅಲುಗುವುದಿಲ್ಲ. ಎರಡು ಗಂಟೆ ಹೊತ್ತು ಅವರಿಂದ ಸಭೆಗೆ ಏನೂ ಬೇಕಾಗಿಲ್ಲ, ಕಾಣಿಕೆ ಒಂದು ಬಿಟ್ಟು.

ನನ್ನ ಅಭಿಪ್ರಾಯ ಇದು: ಸಭೆಯ ಜನಕ್ಕೆ ಆರಾಧನೆಯಲ್ಲಿ ಮಾಡಲು ಕೆಲಸ ಇಲ್ಲದಿದ್ದರೆ ಹುರುಪು ಉಳಿಯುವುದಿಲ್ಲ. ಸದ್ದು ಜಾಸ್ತಿಯೋ ಕಮ್ಮಿಯೋ ಅನ್ನುವುದು ಆಮೇಲಿನ ಮಾತು. ನಿಮ್ಮ ಸಭೆಗಳಲ್ಲಿ ಹೇಗಿದೆ, ಬರೆಯಿರಿ.

ಡೋಲಕ್ ಆದೋನಿ

ಅಕ್ಕಾ, ಅಜ್ಜಿಯ ವಿಷಯ ನಿಜ. ಆದರೆ ಕೊನೆಗೆ ಎಲ್ಲರೂ ನಮ್ಮ ಸಂಗೀತದ ಮೇಲೇ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡೋಲಕ್ ಬಾರಿಸುತ್ತೇನೆ, ಈಗ ಪ್ಯಾಡ್ ಕೂಡ. ಶನಿವಾರ ಸಂಜೆ ಪ್ರಾಕ್ಟೀಸ್ ಇರುವುದಕ್ಕೇ ನಮ್ಮ ಹುಡುಗರು ಸಭೆಯ ಅಂಗಳದಲ್ಲಿ ಇರುತ್ತಾರೆ. ಅದಿಲ್ಲದಿದ್ದರೆ ಎಲ್ಲಿರುತ್ತಿದ್ದರು ಅಂತ ಎಲ್ಲರಿಗೂ ಗೊತ್ತು. ಪ್ರಾಕ್ಟೀಸ್ ಮುಗಿದ ಮೇಲೆ ನಾವೂ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತೇವೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಂಗೀತ ಬೇಡ ಅಂದರೆ ನಮ್ಮ ಪಾಲಿನ ಕೆಲಸವನ್ನೇ ಕಿತ್ತುಕೊಂಡ ಹಾಗೆ ಆಗುತ್ತದೆ, ಅಲ್ವಾ?

ಗಡಿಸಾಲು

ಬೇಡ ಅಂತ ನಾನು ಹೇಳಲೇ ಇಲ್ಲ ತಮ್ಮಾ. ನಿಮ್ಮ ಪಾಲು ಇರಲೇಬೇಕು. ಒಂದು ವಿಷಯ ನೀನೇ ಹೇಳು. ಹಾಡು ಶುರುವಾದಾಗ ಹೆಂಗಸರು ಮೊದಲ ಸಾಲು ಹಾಡಿ ಎರಡನೇ ಸಾಲಿಗೆ ಸುಮ್ಮನಾಗುತ್ತಾರೆ. ಯಾಕೆ?

ಡೋಲಕ್ ಆದೋನಿ

ಶ್ರುತಿ. ಮುಂದೆ ನಿಂತು ಹಾಡುವ ಹುಡುಗನ ಕಂಠಕ್ಕೆ ಯಾವುದು ಹಿಡಿಯುತ್ತದೋ ಅದನ್ನೇ ಇಡುತ್ತೇವೆ. ಪಲ್ಲವಿ ಹೇಗೋ ಆಗುತ್ತದೆ, ಚರಣ ಮೇಲೆ ಹೋದಾಗ ಹೆಂಗಸರಿಗೂ ಹಿಡಿಯುವುದಿಲ್ಲ, ವಯಸ್ಸಾದ ಗಂಡಸರಿಗೂ ಹಿಡಿಯುವುದಿಲ್ಲ. ಇನ್ನೊಂದು ಕೀಬೋರ್ಡಿನ ರಿದಂ. ಒಂದು ಸಲ ಒತ್ತಿದರೆ ಅದು ಯಾರಿಗೂ ಕಾಯುವುದಿಲ್ಲ. ನಮ್ಮ ಹಿರಿಯರು ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆದು ಹಾಡುತ್ತಾರೆ. ಅವರು ಎಳೆಯುವಷ್ಟರಲ್ಲಿ ರಿದಂ ಮುಂದೆ ಹೋಗಿರುತ್ತದೆ, ಚಪ್ಪಾಳೆ ತಪ್ಪುತ್ತದೆ. ಎರಡು ಸಲ ತಪ್ಪಿದರೆ ಕೈ ಕೆಳಗೆ ಇಳಿಸಿಬಿಡುತ್ತಾರೆ.

ಡೋಲಕ್ ಆದರೆ ಹಾಗಲ್ಲ. ಎದುರಿಗೆ ಇರುವವರ ಬಾಯಿ ನೋಡಿಕೊಂಡು ಬಾರಿಸಬಹುದು. ಹಳೆ ಕೀರ್ತನೆ ಪುಸ್ತಕದಲ್ಲಿ ಹಾಡಿನ ಮೇಲೆಯೇ ರಾಗ, ತಾಳ ಅಚ್ಚಾಗಿರುತ್ತದೆ. ಅವೆಲ್ಲ ಜನ ಒಟ್ಟಿಗೆ ಹಾಡಲು ಕಟ್ಟಿದ ಹಾಡುಗಳು. ಈಗ ಬರುವ ಹಾಡುಗಳಲ್ಲಿ ತುಂಬಾ ಒಬ್ಬರೇ ಸ್ಟುಡಿಯೋದಲ್ಲಿ ಹಾಡಲು ಮಾಡಿದ್ದು. ಹಾಡು ಚೆನ್ನಾಗಿರುತ್ತದೆ, ಸಭೆಗೆ ಹೊಂದುವುದಿಲ್ಲ.

ಹಳೇ ಮೇಷ್ಟ್ರು

ಈ ಡೋಲಕ್ ಹುಡುಗ ಹೇಳಿದ್ದನ್ನು ಎಲ್ಲ ಸಭೆಯ ಹಾಡುಗಾರರೂ ಓದಬೇಕು.

ಹಾಡಿನ ಜಗಳ ನಮ್ಮಲ್ಲಿ ಹಳೆಯದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟೋ ಬ್ಯಾಪ್ಟಿಸ್ಟ್ ಸಭೆಗಳು ಹಾಡುತ್ತಲೇ ಇರಲಿಲ್ಲ. ಮೊದಲೇ ಬರೆದಿಟ್ಟ ಹಾಡನ್ನು ಹಾಡಿದರೆ ಅದು ಹೃದಯದಿಂದ ಬರುವುದಿಲ್ಲ ಅನ್ನುವುದು ಅವರ ಅಳುಕು. ಲಂಡನ್ನಿನ ಹಾರ್ಸ್‌ಲಿಡೌನ್ ಸಭೆಯಲ್ಲಿ ಬೆಂಜಮಿನ್ ಕೀಚ್ ಅನ್ನುವ ಪಾಸ್ಟರ್ ಮೊದಲು ಕರ್ತನ ಭೋಜನ (ಯೇಸುವಿನ ಕೊನೆಯ ಊಟದ ನೆನಪಿನ ಆಚರಣೆ) ಆದ ಮೇಲೆ ಮಾತ್ರ ಒಂದು ಹಾಡು ಹಾಡಿಸಿದರು. ವರ್ಷಗಟ್ಟಲೆ ತಾಳ್ಮೆಯಿಂದ ಕಾದು, 1691ರ ಹೊತ್ತಿಗೆ ಪ್ರತಿ ಭಾನುವಾರ ಹಾಡುವ ತೀರ್ಮಾನ ಆಯಿತು. ಆಗಲೂ ಒಂದಷ್ಟು ಜನ ಬೇಸರದಿಂದ ಸಭೆ ಬಿಟ್ಟು ಬೇರೆ ಸಭೆ ಕಟ್ಟಿಕೊಂಡರು. ಇವತ್ತು ಹಾಡಿಲ್ಲದ ಬ್ಯಾಪ್ಟಿಸ್ಟ್ ಆರಾಧನೆಯನ್ನು ನಾವು ಊಹಿಸುವುದಕ್ಕೂ ಆಗುವುದಿಲ್ಲ. ಕೀಚ್ ಜನರನ್ನು ಕೇಳಿ, ಒಪ್ಪಿಸಿ, ಜೊತೆಗೆ ಕರೆದುಕೊಂಡು ಹೋದರು. ಅದು ನನಗೆ ತುಂಬಾ ಹಿಡಿಸುತ್ತದೆ.

ಲಂಡನ್ನಿನಲ್ಲೇ ಸ್ಪರ್ಜನ್ ಅನ್ನುವ ಹೆಸರಾಂತ ಬ್ಯಾಪ್ಟಿಸ್ಟ್ ಬೋಧಕರ ದೊಡ್ಡ ಆಲಯ 1861ರಲ್ಲಿ ತೆರೆಯಿತು. ಸಾವಿರಾರು ಜನ ಕೂರುವ ಜಾಗ. ಅಲ್ಲಿ ಆರ್ಗನ್ ಇರಲಿಲ್ಲ. ಒಬ್ಬರು ಮುಂದೆ ನಿಂತು ರಾಗ ಎತ್ತಿಕೊಡುತ್ತಿದ್ದರು, ಉಳಿದದ್ದೆಲ್ಲ ಜನರ ಗಂಟಲು. ಸೋಮವಾರ ಸಂಜೆ ಪ್ರಾರ್ಥನಾ ಕೂಟ. ಅದಕ್ಕೂ ಜನ ತುಂಬುತ್ತಿದ್ದರು. ಸ್ಪರ್ಜನ್ ತಮ್ಮ ಪ್ರಸಂಗಕ್ಕಿಂತ, ಅಂದರೆ ಬೋಧನೆಗಿಂತ, ಆ ಕೂಟದ ಮೇಲೆ ಜಾಸ್ತಿ ಭರವಸೆ ಇಟ್ಟಿದ್ದರು.

ಬಳ್ಳಾರಿ ಓದುಗ

ನಾನು ಬ್ಯಾಪ್ಟಿಸ್ಟ್ ಅಲ್ಲ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ನಮ್ಮದು ಲಂಡನ್ ಮಿಷನ್ ಕಾಲದ ಸಭೆ. ಅದರ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಹೊರಗಿನವನ ಮಾತು ಅಂತ ಬೇಸರ ಮಾಡಿಕೊಳ್ಳಬೇಡಿ.

ನನ್ನ ಹೆಂಡತಿಯ ತವರು ಆದೋನಿ ಕಡೆ, ಬ್ಯಾಪ್ಟಿಸ್ಟ್ ಮನೆತನ. ಅಲ್ಲಿಗೆ ಹೋದಾಗ ನಿಮ್ಮ ಆರಾಧನೆಗೆ ಬರುತ್ತೇನೆ. ನಮ್ಮಲ್ಲಿ ಆರಾಧನಾ ಕ್ರಮದ ಪುಸ್ತಕ ಇದೆ, ನಿಮ್ಮಲ್ಲಿ ಇಲ್ಲ. ನೀವು ಅದನ್ನು ಸ್ವಾತಂತ್ರ್ಯ ಅನ್ನುತ್ತೀರಿ. ಆದರೆ ನಮ್ಮಲ್ಲಿ ಜನ ಒಟ್ಟಾಗಿ ಬಾಯಿಬಿಟ್ಟು ಪಾಪದ ಅರಿಕೆ ಹೇಳುತ್ತಾರೆ, ಕೀರ್ತನೆಯನ್ನು ಒಂದು ಸಾಲು ಅಯ್ಯನವರು (ಪಾದ್ರಿ), ಒಂದು ಸಾಲು ನಾವು ಓದುತ್ತೇವೆ, ವಿಶ್ವಾಸಪ್ರಮಾಣ ಎದ್ದು ನಿಂತು ಹೇಳುತ್ತೇವೆ. ನಿಮ್ಮಲ್ಲಿ ಪ್ರಾರ್ಥನೆಯೂ ಪಾಸ್ಟರದ್ದೇ, ಪ್ರಸಂಗವೂ ಪಾಸ್ಟರದ್ದೇ, ಆಶೀರ್ವಾದವೂ ಪಾಸ್ಟರದ್ದೇ. ಪುಸ್ತಕ ಇಲ್ಲದ್ದರಿಂದ ಜನರಿಗೆ ಮಾತು ಸಿಕ್ಕಿತಾ, ಇದ್ದ ಮಾತೂ ಹೋಯಿತಾ ಅಂತ ಯೋಚಿಸಿ ನೋಡಿ.

ಗಡಿಸಾಲು

ಅಣ್ಣಾ, ಬೇಸರ ಯಾಕೆ? ಇದು ನೇರವಾದ ಪ್ರಶ್ನೆ. ಪುಸ್ತಕ ಬೇಡ ಅಂದಿದ್ದು ಯಾಕಂದ್ರೆ, ಆತ್ಮನು ಯಾರ ಬಾಯಿಂದ ಬೇಕಾದರೂ ಮಾತಾಡಿಸಬಹುದು ಅನ್ನುವ ನಂಬಿಕೆಗೆ. ಬೈಬಲ್ಲಿನ 1 ಕೊರಿಂಥ 14:26ರಲ್ಲಿ ಅಪೊಸ್ತಲ ಪೌಲ ಹೇಳುವ ಕೂಟದಲ್ಲಿ ಒಬ್ಬನಿಗೆ ಕೀರ್ತನೆ ಇದೆ, ಒಬ್ಬನಿಗೆ ಉಪದೇಶ ಇದೆ, ಎಲ್ಲರೂ ಏನಾದರೂ ತಂದಿದ್ದಾರೆ. ಪುಸ್ತಕ ಬಿಟ್ಟು, ಆ ಮಾತನ್ನು ಜನರಿಗೂ ಕೊಡದೆ, ಎಲ್ಲ ಒಬ್ಬರ ಕೈಗೆ ಕೊಟ್ಟರೆ ಅದು ಬ್ಯಾಪ್ಟಿಸ್ಟ್ ರೀತಿ ಅಲ್ಲವೇ ಅಲ್ಲ. ಪಾಸ್ಟರಿಗೂ ಅದು ಭಾರ. ನಮ್ಮ ಪಾಸ್ಟರ್ ಮೂರು ಊರು ನೋಡಿಕೊಳ್ಳುತ್ತಾರೆ. ಮೂರನೇ ಊರಿಗೆ ಬರುವಷ್ಟರಲ್ಲಿ ಧ್ವನಿ ಕೂತಿರುತ್ತದೆ.

ಎಲ್ಲ ಕೃಪೆ

ಉಜ್ಜೀವನ, ಅಂದರೆ ಸಭೆಗೆ ಹೊಸ ಆತ್ಮಿಕ ಜೀವ, ಮೇಲಿನಿಂದ ಬರಬೇಕು. ಶ್ರುತಿ ಇಳಿಸಿದರೆ, ಮೈಕ್ ಹಂಚಿದರೆ ಬರುವುದಿಲ್ಲ. ಪವಿತ್ರಾತ್ಮನ ಕೆಲಸವನ್ನು ಮನುಷ್ಯರ ಉಪಾಯದಿಂದ ಮಾಡಲು ಆಗುವುದಿಲ್ಲ. ಉಪವಾಸ ಪ್ರಾರ್ಥನೆ ಮಾಡಿ, ಕಾಯಿರಿ.

ಗಡಿಸಾಲು

ಮೇಲಿನಿಂದ ಬರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ 1 ಥೆಸಲೋನಿಕ 5:19 ಆತ್ಮನನ್ನು ನಂದಿಸಬೇಡಿ ಅನ್ನುತ್ತದೆ. ಹೊತ್ತಿಸುವುದು ನಮ್ಮ ಕೈಲಿಲ್ಲದಿರಬಹುದು, ನಂದಿಸುವುದಂತೂ ನಮ್ಮ ಕೈಲೇ ಇದೆ. ಅಜ್ಜಿಯ ಬಾಯಿ ಕಟ್ಟಿ ಕೂರಿಸುವುದೂ ನಂದಿಸಿದ ಹಾಗೇ ಅಂತ ನಾನು ನಂಬುತ್ತೇನೆ.

ಹೊಸೂರು ಕನ್ನಡಿಗ

ನಾನು ಹೊಸೂರಿನವನು. ಮನೆಯಲ್ಲಿ ಕನ್ನಡ, ಊರಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ. ಕೆಲಸ ಬೆಂಗಳೂರು ಗಡಿಯ ಫ್ಯಾಕ್ಟರಿಯಲ್ಲಿ. ಕೆಲವು ವರ್ಷ ಒಂದು ದೊಡ್ಡ ಸ್ವತಂತ್ರ ಸಭೆಗೆ ಹೋಗುತ್ತಿದ್ದೆ. ಬೆಳಕು, ಸದ್ದು, ಹಾಡು ಎಲ್ಲ ಜೋರು. ಮೊದಮೊದಲು ಕಣ್ಣೀರು ಬರುತ್ತಿತ್ತು, ಅದನ್ನು ಸುಳ್ಳು ಅನ್ನಲಾರೆ. ಆದರೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಆ ಸಭೆಯಲ್ಲಿ ನನ್ನ ಹೆಸರು ಗೊತ್ತಿರುವ ಒಬ್ಬರೂ ಇರಲಿಲ್ಲ. ಬಂದು ಕೂತವರು ಚಿಕ್ಕ ಬ್ಯಾಪ್ಟಿಸ್ಟ್ ಸಭೆಯ ಇಬ್ಬರು ಡೀಕನ್‌ಗಳು (ಸಭೆಯ ಸೇವೆ ನೋಡಿಕೊಳ್ಳುವ ಸದಸ್ಯರು). ರಾತ್ರಿ ಸರದಿ ಹಾಕಿಕೊಂಡು ಕಾದರು. ಈಗ ನಾನು ಅಲ್ಲೇ ಸದಸ್ಯ.

ಎರಡು ಮಾತು ಸೇರಿಸುತ್ತೇನೆ. ಒಂದು, ಉತ್ಸಾಹವನ್ನು ಬಲವಂತ ಮಾಡಬಾರದು. ಕೈ ಎತ್ತಿ, ಕೂಗಿ, ಪಕ್ಕದವರಿಗೆ ಹೀಗೆ ಹೇಳಿ ಅಂತ ಐದು ನಿಮಿಷಕ್ಕೊಮ್ಮೆ ಹೇಳಿಸಿಕೊಂಡರೆ ಜನ ಮಾಡುತ್ತಾರೆ, ಆದರೆ ಅದು ಅವರದ್ದಲ್ಲ. ಹೊಲದಲ್ಲಿ ದುಡಿದವರನ್ನು ರಾತ್ರಿಯಿಡೀ ಕೂರಿಸಿ, ತೂಕಡಿಸಿದರೆ ವಿಶ್ವಾಸ ಕಮ್ಮಿ ಅನ್ನುವುದೂ ನನಗೆ ಸರಿ ಕಾಣುವುದಿಲ್ಲ. ಅದೇ 1 ಕೊರಿಂಥ 14ನೇ ಅಧ್ಯಾಯದ ಕೊನೆಯಲ್ಲಿ ಎಲ್ಲವೂ ಮರ್ಯಾದೆಯಿಂದ, ಕ್ರಮದಿಂದ ನಡೆಯಲಿ ಅಂತಲೂ ಇದೆ.

ಎರಡು, ಸದಸ್ಯರ ಸಭೆಯ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ಲೆಕ್ಕದಲ್ಲಿ ಬ್ಯಾಪ್ಟಿಸ್ಟ್ ಸಭೆಯ ಜೀವ ಇರುವುದು ಅಲ್ಲಿ. ಬಿಷಪ್ ಇಲ್ಲ, ಮೇಲಿನಿಂದ ಆದೇಶ ಇಲ್ಲ. ಪಾಸ್ಟರನ್ನು ಕರೆಯುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ಹಣದ ಲೆಕ್ಕ, ಎಲ್ಲ ಸದಸ್ಯರು ಕೂತು ಪ್ರಾರ್ಥನೆ ಮಾಡಿ ತೀರ್ಮಾನ ಮಾಡಬೇಕು. ಕೂಲಿ ಮಾಡುವ ತಾಯಿಗೂ ಡಾಕ್ಟರಿಗೂ ಒಂದೊಂದೇ ಕೈ. 1612ರಲ್ಲಿ ಥಾಮಸ್ ಹೆಲ್ವಿಸ್ ಲಂಡನ್ನಿನಲ್ಲಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದರು. ಜನರ ಆತ್ಮದ ಮೇಲೆ ರಾಜನಿಗೆ ಅಧಿಕಾರ ಇಲ್ಲ ಅಂತ ಬರೆದು ಜೈಲಿಗೆ ಹೋದರು, ಅಲ್ಲೇ ತೀರಿಕೊಂಡರು. ಅಂಥ ಪರಂಪರೆಯವರು ನಾವು. ಎಷ್ಟೋ ಕಡೆ ಈಗ ನಾಲ್ಕು ಮನೆತನದವರು ಮೊದಲೇ ಮಾತಾಡಿಕೊಂಡು ಬಂದಿರುತ್ತಾರೆ, ಉಳಿದವರು ಕೈ ಎತ್ತಿ ಮನೆಗೆ ಹೋಗುತ್ತಾರೆ. ಜಾಗದ ವಿಷಯ, ಚುನಾವಣೆ ವಿಷಯ ಕೋರ್ಟಿಗೂ ಹೋಗುತ್ತದೆ. ಅಲ್ಲಿ ಸೋತು ಬಂದವರಿಗೆ ಭಾನುವಾರ ಹಾಡು ಎಲ್ಲಿಂದ ಬರಬೇಕು ಹೇಳಿ.

ಹಳೇ ಮೇಷ್ಟ್ರು

ಹೊಸೂರಿನವರು ಸರಿಯಾದ ಜಾಗ ಮುಟ್ಟಿದರು.

ಈಗ ನಮ್ಮ ಕಥೆ ಹೇಳುತ್ತೇನೆ. ತೆಲುಗು ಬ್ಯಾಪ್ಟಿಸ್ಟ್ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಥೆ, ಆದರೆ ಮಕ್ಕಳಿಗೆ ಹೇಳುವುದು ಕಮ್ಮಿ ಆಗಿದೆ. ಅಮೆರಿಕನ್ ಬ್ಯಾಪ್ಟಿಸ್ಟರು ನೆಲ್ಲೂರಿನಲ್ಲಿ 1840ರಿಂದ ದುಡಿದರು. ಫಲ ತೀರಾ ಕಮ್ಮಿ. 1853ರಲ್ಲಿ ಈ ಮಿಷನ್ ಮುಚ್ಚಿಬಿಡೋಣವೇ ಅಂತ ಅಮೆರಿಕದಲ್ಲಿ ಚರ್ಚೆಯಾಯಿತು. ಮುಚ್ಚಲಿಲ್ಲ. 1854ರ ಹೊಸ ವರ್ಷದ ದಿನ ಬೆಳಗಿನ ಜಾವ ಮಿಷನರಿ ಲೈಮನ್ ಜ್ಯೂಯೆಟ್, ಅವರ ಹೆಂಡತಿ, ಬೆರಳೆಣಿಕೆಯಷ್ಟು ತೆಲುಗು ವಿಶ್ವಾಸಿಗಳು ಆಂಧ್ರದ ಒಂಗೋಲಿನ ಗುಡ್ಡ ಹತ್ತಿ ಪ್ರಾರ್ಥನೆ ಮಾಡಿದರು. ಈ ಊರಿಗೆ ಒಬ್ಬ ಸೇವಕನನ್ನು ಕಳಿಸು ಅಂತ. ಅಮೆರಿಕನ್ ಮಿಷನರಿ ಜಾನ್ ಕ್ಲಫ್ ಒಂಗೋಲಿಗೆ ಬಂದದ್ದು 1866ರಲ್ಲಿ. ಅಷ್ಟು ವರ್ಷ ಆ ಪ್ರಾರ್ಥನೆಗೆ ಉತ್ತರ ಬರಲಿಲ್ಲ ಅಂತ ಅವರು ಸುಮ್ಮನಾಗಲಿಲ್ಲ.

ಕ್ಲಫ್ ಅವರ ಹೆಸರು ಎಲ್ಲರೂ ಹೇಳುತ್ತಾರೆ. ಯೆರ್ರಗುಂಟ್ಲ ಪೇರಯ್ಯನ ಹೆಸರು ಹೇಳುವವರು ಕಮ್ಮಿ. ಮಾದಿಗರವನು, ಚರ್ಮದ ವ್ಯಾಪಾರ ಮಾಡುತ್ತಿದ್ದವನು. ಊರೂರು ತಿರುಗುವ ಕೆಲಸ, ಹೋದಲ್ಲೆಲ್ಲ ತನ್ನ ಸಾಕ್ಷಿ, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು, ಹೇಳಿದ. ಸಂತೆಯಲ್ಲಿ, ನೆಂಟರ ಮನೆಯಲ್ಲಿ, ಮರದಡಿಯಲ್ಲಿ. ಒಬ್ಬನಿಂದ ಒಬ್ಬನಿಗೆ ಹಾಗೇ ಹಬ್ಬಿತು. ಆಮೇಲೆ 1876–78ರ ದೊಡ್ಡ ಬರ ಬಂತು. ನಮ್ಮ ಬಳ್ಳಾರಿ, ಕರ್ನೂಲು ಸೀಮೆಯನ್ನು ನುಂಗಿದ್ದೂ ಅದೇ ಬರ. ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗ ಅಗೆಯುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಊರ ಬೋಧಕರೇ ಅಲ್ಲಿ ಮೇಸ್ತ್ರಿಗಳು. ಮಣ್ಣು ಹೊರುವವರು ಉಸಿರು ತೆಗೆದುಕೊಳ್ಳಲು ಕೂತಾಗ ಯೇಸುವಿನ ಕಥೆ ಹೇಳುತ್ತಿದ್ದರು. ಜನ ದೀಕ್ಷಾಸ್ನಾನ ಕೇಳಿದರು. ಕ್ಲಫ್ ಕೊಡಲಿಲ್ಲ. ಬರದ ಹಣ ಕೈಯಲ್ಲಿರುವಾಗ ಕೊಟ್ಟರೆ ಹೊಟ್ಟೆಗಾಗಿ ಬಂದರು ಅನ್ನುತ್ತಾರೆ ಅಂತ ಒಂದು ವರ್ಷಕ್ಕೂ ಜಾಸ್ತಿ ತಡೆದರು. ಪರಿಹಾರದ ಕೆಲಸ ಮುಗಿದ ಮೇಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ನೀರಿಗಿಳಿದು ಸ್ನಾನ ಮಾಡಿಸಿದ್ದು ಆರು ಮಂದಿ ಊರ ಬೋಧಕರು. ಇಬ್ಬರಿಬ್ಬರಾಗಿ, ಸುಸ್ತಾದಾಗ ಬದಲಾಗುತ್ತಾ ಮಾಡಿದರು.

ಆ ದಿನದ ಹುರುಪಿಗೆ ಹಿಂದೆ ಕಾಯುವುದು ಇತ್ತು, ಕಾಲುವೆಯ ಮಣ್ಣು ಇತ್ತು, ಪೇರಯ್ಯನಂಥವರ ಕಾಲ್ನಡಿಗೆ ಇತ್ತು. ಕರ್ನೂಲಿನಲ್ಲಿ ಕೋಲ್ಸ್ ಹೆಸರಿನ ಶಾಲೆ, ಆಲಯ ನೋಡಿದ್ದೀರಲ್ಲ, ಅದೇ ಮಿಷನ್ನಿನ ಬೇರು ನಮ್ಮ ಜಿಲ್ಲೆಗೆ ಬಂದದ್ದು. ನಮ್ಮ ಅಜ್ಜಂದಿರು ಸುಮ್ಮನೆ ಕೂತು ಕೇಳುವವರಾಗಿದ್ದರೆ ನಾವು ಯಾರೂ ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ.

ಕೌತಾಳಂ ಅಕ್ಕ

ಮೇಷ್ಟ್ರೇ, ಓದಿ ಮೈ ಜುಮ್ಮೆಂದಿತು. ನಮ್ಮ ಸ್ತ್ರೀಯರ ಕೂಟದಲ್ಲಿ ಇದನ್ನು ಗಟ್ಟಿಯಾಗಿ ಓದಿಸುತ್ತೇನೆ.

ದೀಕ್ಷಾಸ್ನಾನ ಅಂದ ಕೂಡಲೇ ಹೇಳಬೇಕು ಅನ್ನಿಸಿತು. ಈಗ ತುಂಬಾ ಸಭೆಗಳಲ್ಲಿ ಒಳಗೇ ತೊಟ್ಟಿ ಕಟ್ಟಿಸಿದ್ದಾರೆ. ಅನುಕೂಲ ಹೌದು, ಹೆಂಗಸರಿಗೆ ಬಟ್ಟೆ ಬದಲಿಸಲು ಮರೆ ಇದೆ. ನಮ್ಮ ಊರಲ್ಲಿ ಇನ್ನೂ ತುಂಗಭದ್ರಾ ಕಾಲುವೆಗೇ ಹೋಗುತ್ತೇವೆ, ನೀರು ಬಿಟ್ಟಾಗ. ಸೆಳೆತ ಕಮ್ಮಿ ಇರುವ ಜಾಗ ಮೊದಲೇ ನೋಡಿ, ಈಜು ಬರುವ ಇಬ್ಬರನ್ನು ಕೆಳಗಡೆ ನಿಲ್ಲಿಸುತ್ತೇವೆ. ಬೆಳಗಿನ ಬಿಸಿಲು ಏರುವ ಮೊದಲೇ ನಡೆದುಕೊಂಡು ಹೊರಡುತ್ತೇವೆ. ದಾರಿಯುದ್ದಕ್ಕೂ ಕಂಜೀರ, ತಾಳ. ಹೊಲಕ್ಕೆ ಹೊರಟವರು ಬಂಡಿ ನಿಲ್ಲಿಸಿ ನೋಡುತ್ತಾರೆ. ನೀರಿಗಿಳಿಯುವ ಮುಂಚೆ ಪ್ರತಿಯೊಬ್ಬರೂ ದಡದಲ್ಲಿ ನಿಂತು ಸಾಕ್ಷಿ ಹೇಳಬೇಕು. ಹೋದ ಸಲ ಒಬ್ಬ ಹುಡುಗಿ, ಹತ್ತನೇ ಕ್ಲಾಸು ಮುಗಿಸಿದವಳು, ಕೈಕಾಲು ನಡುಗುತ್ತಿತ್ತು. ಕುಡಿಯುತ್ತಿದ್ದ ಅವಳಪ್ಪ ಎದುರಿಗೇ ನಿಂತಿದ್ದ. "ನಮ್ಮಪ್ಪನಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ, ಅವರು ನನ್ನ ತಡೀಲಿಲ್ಲ, ಅದೇ ನನಗೆ ದೇವರ ಉತ್ತರ" ಅಂದಳು. ಅಷ್ಟೇ. ಅವಳು ನೀರಿಂದ ಎದ್ದಾಗ ಎದ್ದ ಹಾಡು ಇದೆಯಲ್ಲ, ಅದಕ್ಕೆ ಯಾರೂ ಶ್ರುತಿ ಕೊಡಲಿಲ್ಲ.

ಆರಾಧನೆಯಲ್ಲಿ ಸಾಕ್ಷಿಗೆ ಹತ್ತು ನಿಮಿಷ ಇಡಿ ಅಂತ ನನ್ನ ಬೇಡಿಕೆ. ಉದ್ದ ಹೇಳುವವರನ್ನು ತಡೆಯಬೇಕು, ಅದು ಹಿರಿಯರ ಜವಾಬ್ದಾರಿ. ಅದಕ್ಕಾಗಿ ಸಾಕ್ಷಿಯನ್ನೇ ತೆಗೆದುಹಾಕುವುದು ಸರಿಯಲ್ಲ.

ಇನ್ನೊಂದು ದೊಡ್ಡ ವಿಷಯ ಗುಳೆ. ನಮ್ಮ ಕೌತಾಳಂ, ಕೋಸಿಗಿ, ಪೆದ್ದಕಡಬೂರು ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಎಷ್ಟು ಜನ ಹೋಗುತ್ತಾರೆ ಅಂತ ನಿಮಗೆಲ್ಲ ಗೊತ್ತು. ಮನೆಗೆ ಬೀಗ, ಮಕ್ಕಳು ಶಾಲೆ ಬಿಟ್ಟು ಜೊತೆಗೆ. ಸಭೆಯ ಬೆಂಚು ಖಾಲಿ. ಉಳಿದವರು ಮುದುಕರು, ಬಾಣಂತಿಯರು. ಆ ತಿಂಗಳುಗಳಲ್ಲಿ "ಸಭೆಯಲ್ಲಿ ಹುರುಪಿಲ್ಲ" ಅಂತ ಯಾರಾದರೂ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಹುರುಪಿದ್ದವರು ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಾರೆ!

ಗಡಿಸಾಲು

ಅಕ್ಕಾ, ನಾನು ಶಾಲೆಯಲ್ಲಿ ಆ ಖಾಲಿ ಬೆಂಚನ್ನೂ ನೋಡುತ್ತೇನೆ. ಅಲ್ಲಿ ಹೋದವರು ಭಾನುವಾರ ಏನು ಮಾಡುತ್ತಾರೆ?

ಕೌತಾಳಂ ಅಕ್ಕ

ಭಾನುವಾರ ರಜೆ ಅಂತ ಇಲ್ಲಮ್ಮ. ಕೆಲಸ ಇದ್ದ ದಿನ ಕೆಲಸ. ರಾತ್ರಿ ಗುಡಾರದ ಮುಂದೆ ಕೂತು ಹಾಡುತ್ತಾರೆ. ನಮ್ಮೂರಿನವರು, ಪಕ್ಕದ ಊರಿನವರು, ಬೇರೆ ಸಭೆಯವರು, ಎಲ್ಲ ಸೇರಿ. ಬೋಧಕರಿಲ್ಲ. ಬೈಬಲ್ ಓದಲು ಬರುವ ಹುಡುಗ ಒಬ್ಬ ಓದುತ್ತಾನೆ. ಮೇಷ್ಟ್ರು ಹೇಳಿದ ಕಾಲುವೆ ಕಥೆ ಓದುವಾಗ ನನಗೆ ಅದೇ ಕಣ್ಣ ಮುಂದೆ ಬಂತು. ಹೊರಡುವ ಮುಂಚೆ ಆ ಹುಡುಗನನ್ನು ಸಭೆಯ ಮುಂದೆ ನಿಲ್ಲಿಸಿ, ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಬೇಕು. ಇದುವರೆಗೆ ನಮ್ಮ ಯಾವ ಸಭೆಯೂ ಮಾಡಿಲ್ಲ. ಸುಮ್ನೆ ಹೋಗುತ್ತಾರೆ, ಸುಮ್ನೆ ಬರುತ್ತಾರೆ.

ಬಳ್ಳಾರಿ ಓದುಗ

ಇದು ಸಿಎಸ್‌ಐ ಸಭೆಗಳೂ ಮಾಡಬೇಕಾದ ಕೆಲಸ. ನಮ್ಮ ಅಯ್ಯನವರಿಗೆ ಈ ಮಾತು ಕಳಿಸುತ್ತಿದ್ದೇನೆ.

ಹೊಸೂರು ಕನ್ನಡಿಗ

ಹಾಡಿನ ವಿಷಯಕ್ಕೆ ಇನ್ನೊಂದು. ಫ್ಯಾಕ್ಟರಿಯ ನಾಗಾ ಗೆಳೆಯರ ಜೊತೆ ಅವರ ಬ್ಯಾಪ್ಟಿಸ್ಟ್ ಆರಾಧನೆಗೆ ಹೋಗಿದ್ದೆ. ಅವರ ನಾಡಿಗೆ ಅಮೆರಿಕನ್ ಮಿಷನರಿ ಕ್ಲಾರ್ಕ್ ದಂಪತಿ 1870ರ ದಶಕದಲ್ಲಿ ಸುವಾರ್ತೆ ತಂದರು, ಈಗ ನಾಗಾಲ್ಯಾಂಡಿನಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟರೇ. ಅಲ್ಲಿ ನಾಲ್ಕು ಧ್ವನಿಯಲ್ಲಿ ಹಾಡುತ್ತಾರೆ. ಹೆಂಗಸರಿಗೆ ಎರಡು, ಗಂಡಸರಿಗೆ ಎರಡು. ಸೋಲ್ಫಾ ಅಕ್ಷರ (ಡೊ, ರೆ, ಮಿ ಸ್ವರಗಳನ್ನು ಅಕ್ಷರದಲ್ಲಿ ಬರೆಯುವ ರೀತಿ) ನೋಡಿ ಚಿಕ್ಕ ಮಕ್ಕಳೂ ತಮ್ಮ ಧ್ವನಿ ಹಿಡಿಯುತ್ತಾರೆ. ಒಬ್ಬರು ಬಿಟ್ಟರೂ ಹಾಡು ಕುಂಟುತ್ತದೆ. ಮುಂದೆ ಒಬ್ಬರು, ಹಿಂದೆ ಕೇಳುವವರು ಅನ್ನುವುದೇ ಇಲ್ಲ. ಅದನ್ನೇ ಇಲ್ಲಿ ತರಬೇಕು ಅಂತಲ್ಲ, ನಮ್ಮ ಭಜನೆ ರೀತಿಯಲ್ಲೂ ಅದು ಇದೆ. ಒಬ್ಬರು ಸಾಲು ಎತ್ತಿಕೊಡುವುದು, ಎಲ್ಲರೂ ತಿರುಗಿ ಹೇಳುವುದು. ಓದು ಬಾರದ ಅಜ್ಜಿಗೂ ಅದು ಸುಲಭ.

ಡೋಲಕ್ ಆದೋನಿ

ಇದು ಆಗುತ್ತದೆ! ಸಾಲು ಎತ್ತಿಕೊಟ್ಟರೆ ಪರದೆಯೇ ಬೇಡ. ಒಂದು ಹಾಡಾದರೂ ಹಾಗೆ ಮಾಡಬಹುದು.

ಆಲೂರು ರಸ್ತೆ

ಕನ್ನಡದ ಪ್ರಶ್ನೆ ಎಲ್ಲರೂ ದಾಟಿಹೋದಿರಿ. ಅಜ್ಜಿ ಸುಮ್ಮನಿರುವುದಕ್ಕೆ ಅದೂ ಕಾರಣ. ಆದರೆ ಕನ್ನಡ ಹಾಡು ಹಾಕಿದರೆ ತೆಲುಗಿನವರಿಗೆ ಬೇಸರ ಆಗುತ್ತದೆ, ಸಭೆ ಎರಡಾಗುತ್ತದೆ ಅಂತ ನನಗೆ ಭಯ. ನಮ್ಮ ಮಕ್ಕಳಿಗೂ ಕನ್ನಡ ಓದಲು ಬರುವುದಿಲ್ಲ, ತೆಲುಗು ಅಥವಾ ಇಂಗ್ಲಿಷ್ ಮೀಡಿಯಂ.

ಹಳೇ ಮೇಷ್ಟ್ರು

ಭಯ ಪಡಬೇಡಿ. ಕನ್ನಡ ಹಾಡನ್ನು ತೆಲುಗು ಅಕ್ಷರದಲ್ಲಿ ಬರೆದು ಕೊಡಿ. ಲಿಪಿ ಅಕ್ಕತಂಗಿಯರ ಹಾಗಿದೆ, ನಮ್ಮ ಕಡೆ ಎಲ್ಲರಿಗೂ ಎರಡೂ ಭಾಷೆ ಕಿವಿಗೆ ಗೊತ್ತು. ನಾನು ಹೀಗೆ ಬರೆದುಕೊಟ್ಟ ಹಾಡನ್ನು ತೆಲುಗು ಮನೆಯವರೇ ಮೊದಲು ಕಲಿತರು.

ಬ್ಯಾಪ್ಟಿಸ್ಟರಿಗೆ ಕನ್ನಡ ಹೊಸದೂ ಅಲ್ಲ. 1784ರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್ ಸೀಮೆಯ ಬ್ಯಾಪ್ಟಿಸ್ಟ್ ಸಭೆಗಳು ತಿಂಗಳ ಮೊದಲ ಸೋಮವಾರ ಕೂಡಿ ಪ್ರಾರ್ಥನೆ ಮಾಡುವ ತೀರ್ಮಾನ ಮಾಡಿದವು. ಚಿಕ್ಕ ಚಿಕ್ಕ ಸಭೆಗಳು. ತಮಗಾಗಿ ಮಾತ್ರ ಅಲ್ಲ, ಬೇರೆ ಸಭೆಗಳಿಗಾಗಿ, ಭೂಮಿಯ ಕಟ್ಟಕಡೆಯವರಿಗಾಗಿ. ಅದೇ ಸಭೆಗಳ ನಡುವಿನಿಂದ 1792ರಲ್ಲಿ ಮಿಷನ್ ಹುಟ್ಟಿತು, ಮರುವರ್ಷ ವಿಲಿಯಂ ಕೇರಿ ಬಂಗಾಳಕ್ಕೆ ಬಂದರು. ಆ ಕೇರಿ 1817ರಲ್ಲಿ ಸೆರಾಂಪುರದಿಂದ ಕನ್ನಡದ ವ್ಯಾಕರಣ ಅಚ್ಚು ಹಾಕಿಸಿದರು. ಐದು ವರ್ಷದ ಹಿಂದೆ ಅವರ ಅಚ್ಚುಕೂಟವೇ ಬೆಂಕಿಗೆ ಹೋಗಿತ್ತು, ಆದರೂ ಬಿಡಲಿಲ್ಲ. ಹಾಗಿರುವಾಗ ಆಲೂರಿನ ಸಭೆಯಲ್ಲಿ ಒಂದು ಕನ್ನಡ ಪ್ರಾರ್ಥನೆಗೆ ಜಾಗ ಇಲ್ಲ ಅನ್ನುವುದು ಹೇಗೆ?

ಆಲೂರು ರಸ್ತೆ

ಸರಿ ಮೇಷ್ಟ್ರೇ. ಆದರೆ ಹಿರಿಯರು ತಾವೇ ತೀರ್ಮಾನ ಮಾಡಿ ಹೇರಬಾರದು. ಸದಸ್ಯರ ಸಭೆಗೆ ತನ್ನಿ. ಅಲ್ಲಿ ತೆಲುಗಿನವರೇ ಎದ್ದು ಒಪ್ಪಿದರೆ ನಾನೂ ಒಪ್ಪುತ್ತೇನೆ.

ಗಡಿಸಾಲು

ಹಾಗೇ ಮಾಡುತ್ತೇನೆ. ಮುಂದಿನ ಸದಸ್ಯರ ಸಭೆಗೆ ನಾನು ಬರೆದು ಕೊಡುವುದು ಇವು: ವಾರಕ್ಕೊಂದು ಕನ್ನಡ ಹಾಡು, ಎತ್ತಿಕೊಟ್ಟು ಹಾಡುವ ರೀತಿ. ಜನರ ನಡುವಿನಿಂದ ಒಬ್ಬರು ಅವರವರ ಭಾಷೆಯಲ್ಲಿ ಪ್ರಾರ್ಥನೆ. ಸಾಕ್ಷಿಗೆ ಹತ್ತು ನಿಮಿಷ. ಗುಳೆ ಹೋಗುವವರನ್ನು ಪ್ರಾರ್ಥನೆ ಮಾಡಿ ಕಳಿಸುವುದು. ಸ್ಪೀಕರ್ ವಿಷಯ ಯೌವನಸ್ಥರೇ ಎದ್ದು ಮಾತಾಡಲಿ, ಅವರ ಪರವಾಗಿ ನಾನೂ ಒಂದು ಮಾತು ಹೇಳುತ್ತೇನೆ. ಒಪ್ಪದಿದ್ದರೆ ಮತ್ತೆ ಕೇಳುತ್ತೇನೆ.

ಡೋಲಕ್ ತಮ್ಮಾ, ನಮ್ಮ ಶುಕ್ರವಾರದ ಕೂಟಕ್ಕೆ ಒಂದು ಸಲ ಬಾ. ಅಜ್ಜಿಗೆ ಗೊತ್ತಿರುವ ಹಳೆ ಕನ್ನಡ ಹಾಡುಗಳು ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ರಾಗ ಹಿಡಿದಿಡಲು ನಿನ್ನಂಥವರು ಬೇಕು.

ಡೋಲಕ್ ಆದೋನಿ

ಬರುತ್ತೇನೆ ಅಕ್ಕಾ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅಜ್ಜಿ ಒಪ್ಪುತ್ತಾರಾ ಮೊದಲೇ ಕೇಳಿಡಿ. ಅವರು ಯಾವ ಶ್ರುತಿಯಲ್ಲಿ ಹಾಡುತ್ತಾರೋ ಅದನ್ನೇ ಭಾನುವಾರಕ್ಕೂ ಇಡೋಣ. ನಮ್ಮ ಹಾಡುವ ಹುಡುಗನಿಗೆ ನಾನು ಹೇಳುತ್ತೇನೆ.

ಕೌತಾಳಂ ಅಕ್ಕ

ಗುಂಟೂರಿಗೆ ಹೊರಡುವವರ ಪಟ್ಟಿ ನಮ್ಮ ಸ್ತ್ರೀಯರ ಕೂಟದವರು ಮಾಡುತ್ತೇವೆ. ಯಾವ ಊರಿನವರು ಯಾವ ಹಳ್ಳಿಯ ಹೊಲಕ್ಕೆ ಹೋಗುತ್ತಾರೆ ಅಂತ ಮೇಸ್ತ್ರಿಗಳಿಗೆ ಗೊತ್ತಿರುತ್ತದೆ. ಓದುವ ಹುಡುಗನಿಗೆ ದೊಡ್ಡ ಅಕ್ಷರದ ಬೈಬಲ್ ಬೇಕು, ಬೆಳಕು ಸಾಲುವುದಿಲ್ಲ. ಒಂದು ಚಾರ್ಜ್ ಮಾಡುವ ಲೈಟೂ ಬೇಕು. ಕೊಡುವವರು ಇದ್ದರೆ ಇಲ್ಲೇ ತಿಳಿಸಿ.

ಬಳ್ಳಾರಿ ಓದುಗ

ಲೈಟು ನನ್ನ ಕಡೆಯಿಂದ. ಕನ್ನಡದ ದೊಡ್ಡ ಅಕ್ಷರದ ಬೈಬಲ್ ಬಳ್ಳಾರಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಬೈಬಲ್ ಸೊಸೈಟಿಯಿಂದ ತರಿಸುತ್ತೇನೆ. ತೆಲುಗಿನದೂ ಬೇಕಾ, ಕನ್ನಡ ಒಂದೇ ಸಾಕಾ?

ಕೌತಾಳಂ ಅಕ್ಕ

ಎರಡೂ ಕಳಿಸಿ ಅಣ್ಣಾ. ಗುಡಾರದ ಮುಂದೆ ಎರಡೂ ಕಡೆಯವರು ಕೂರುತ್ತಾರೆ.